ಸೀಟಿ ಊದಿ ಬೆಂಕಿ ಆರಿಸುವುದು ಇನ್ನೆಷ್ಟು ದಿನ?

ಮಾನ್ಯ ಸಂಪಾದಕರೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಮುಧೋಳ ತಾಲೂಕಿನಲ್ಲಿ ಬೆಂಕಿ ತಗುಲಿ 11 ಎಕರೆ ಕಬ್ಬು ಭಸ್ಮ ಅಂತ. ಆ 11 ಎಕರೆಯಲ್ಲಿ ಎರಡೂವರೆ ಎಕರೆ ನಮ್ಮದು. ಸುದ್ದಿ ಸರಿಯಾಗಿಯೇ ಇತ್ತು, ತಕರಾರಿಲ್ಲ. ಆದರೆ 'ಸ್ಥಳೀಯರು ಬೆಂಕಿ ನಂದಿಸಲು ಹರಸಾಹಸಪಟ್ಟರು' ಅಂತ ಒಂದು ವಾಕ್ಯ ಇತ್ತಲ್ಲ, ಅದರೊಳಗೆ ಏನೇನು ಅಡಗಿತ್ತು ಅಂತ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಬೆಂಕಿ ಆರಿಸಲು ಓಡುವ ಊರ ತಂಡಗಳಿಗೆ ಸರ್ಕಾರದ ದುಡ್ಡಿನಲ್ಲಿ ವೈರ್‌ಲೆಸ್ ಸೆಟ್ಟು ಸಿಗಬೇಕು ಅನ್ನುವುದು ನನ್ನ ಬೇಡಿಕೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಕತ್ತರಿ ಹಾಕುವುದಿದ್ದರೆ ನನ್ನ ಕಥೆಗೆ ಹಾಕಿ, ದುಡ್ಡಿನ ಮಾತಿಗೆ ಹಾಕಬೇಡಿ.

ನಾನು 63 ವರ್ಷದ ಹೆಂಗಸು. 1984ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದೆ. 2020ರ ಜನವರಿ ಕೊನೆಗೆ, ದೇಶದಲ್ಲಿ ಬಿಎಸ್‌ಎನ್‌ಎಲ್‌ನ ಎಪ್ಪತ್ತೆಂಟು ಸಾವಿರಕ್ಕೂ ಜಾಸ್ತಿ ಜನ ಒಂದೇ ದಿನ ಸ್ವಯಂನಿವೃತ್ತಿ ತೆಗೆದುಕೊಂಡರಲ್ಲ, ಅವರಲ್ಲಿ ನಾನೂ ಒಬ್ಬಳು. ಮೂವತ್ತೈದು ವರ್ಷ ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದೇ ನನ್ನ ಕೆಲಸ. ಈಗ ಘಟಪ್ರಭಾ ದಂಡೆಯ ಊರಲ್ಲಿ ಎರಡು ಎಮ್ಮೆ, ಒಂದಿಷ್ಟು ಕಬ್ಬು ನೋಡಿಕೊಂಡಿದ್ದೇನೆ.

ನಮ್ಮೂರಿನಿಂದ ಅಗ್ನಿಶಾಮಕ ಠಾಣೆಗೆ 24 ಕಿಲೋಮೀಟರ್. ಗಾಡಿ ಎಷ್ಟೇ ಜೋರಾಗಿ ಬಂದರೂ ಅರ್ಧ ಗಂಟೆ ಬೇಕು. ಕಟಾವಿನ ಹಂಗಾಮಿನಲ್ಲಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದೊಂದಕ್ಕೂ ಎರಡೆರಡು ಟ್ರೇಲರು. ಅವುಗಳ ಹಿಂದೆ ಸಿಕ್ಕಿಕೊಂಡರೆ ಕೆಂಪು ಗಾಡಿ ಗಂಟೆ ಬಾರಿಸುತ್ತಲೇ ಇರಬೇಕು, ಅಷ್ಟೆ. ಹಾಗಾಗಿ ನಮ್ಮ ಕಡೆ ಬೆಂಕಿ ಬಿದ್ದರೆ ಮೊದಲು ಓಡುವವರು ಊರ ಹುಡುಗರೇ. ಗರಡಿಮನೆಯ ಹುಡುಗರು, ಕಿರಾಣಿ ಅಂಗಡಿಯವನು, ಟೇಲರ್, ನನ್ನ ಮಗ. ಒಟ್ಟು 19 ಜನ. ದಾಳಿಂಬೆಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಸ್ಪ್ರೇ ಪಂಪು ಎರಡು, ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಒಂದು, ಕುಡಗೋಲು, ಹಸಿ ಬೇವಿನ ಟೊಂಗೆ. ಇದು ನಮ್ಮೂರ ಅಗ್ನಿಶಾಮಕ ದಳ. ಸಂಬಳ ಇಲ್ಲ, ಬೂಟು ಇಲ್ಲ, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲ.

ಅವತ್ತು ಮಧ್ಯಾಹ್ನ ಎರಡೂವರೆ. ಕಬ್ಬು ಬಲಿತಿತ್ತು, ರವದಿ, ಅಂದರೆ ಕಬ್ಬಿನ ಗರಿ, ಒಣಗಿ ಹಾಳೆಯಂತಾಗಿತ್ತು. ಮೇಲೆ ಹನ್ನೊಂದು ಕೆವಿ ಕರೆಂಟ್ ಲೈನು. ಗಾಳಿಗೆ ತಂತಿ ತಂತಿಗೆ ತಾಗಿ ಕಿಡಿ ಬಿತ್ತು ಅಂತ ನೋಡಿದವರು ಹೇಳುತ್ತಾರೆ. ನಾನು ನೋಡಿಲ್ಲ. ನಾನು ನೋಡುವ ಹೊತ್ತಿಗೆ ಹೊಗೆ ಏಳುತ್ತಿತ್ತು. ಹುಡುಗರು ಎರಡು ಗುಂಪಾದರು. ಒಂದು ಗುಂಪು ಕಾಲುವೆ ಕಡೆಯಿಂದ, ಇನ್ನೊಂದು ರಸ್ತೆ ಕಡೆಯಿಂದ. ಮುಂದಿನ ಕಬ್ಬನ್ನು ಹತ್ತು ಅಡಿ ಅಗಲ ಕಡಿದು ಖಾಲಿ ಪಟ್ಟಿ ಮಾಡಿದರೆ ಬೆಂಕಿ ದಾಟುವುದಿಲ್ಲ. ಆಚೆಯವರು ಎಲ್ಲಿ ಕಡಿಯುತ್ತಿದ್ದಾರೆ ಅಂತ ಈಚೆಯವರಿಗೆ ಗೊತ್ತಾಗಬೇಕು. ಹತ್ತು ಅಡಿ ಎತ್ತರದ ಕಬ್ಬಿನಲ್ಲಿ ಪಕ್ಕದಲ್ಲಿ ನಿಂತವನೇ ಕಾಣುವುದಿಲ್ಲ. ಬೆಂಕಿಯ ಚಟಚಟ ಸದ್ದಿಗೆ ಕೂಗಿದ್ದು ಕೇಳುವುದಿಲ್ಲ.

ಇನ್ನು ನೀರು. ಮೇಲೆ ಕರೆಂಟ್ ಹರಿಯುತ್ತಿರುವಾಗ ಕೆಳಗಿನಿಂದ ನೀರು ಹಾರಿಸುವ ಹಾಗಿಲ್ಲ, ಜೀವಕ್ಕೆ ಕುತ್ತು. ಮೊದಲು ಲೈನ್ ಬಂದ್ ಆಗಬೇಕು. ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತೆಗೆದುಕೊಳ್ಳಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಅದು ಸಿಕ್ಕಿತು ಅಂತ ಅವನು ಹೇಳುವವರೆಗೆ ಟ್ಯಾಂಕರ್ ತುಂಬಿಕೊಂಡು ಸುಮ್ನೆ ನಿಂತಿರಬೇಕು. ಲೈನ್‌ಮನ್ ಪಕ್ಕದ ಊರಿನ ಹೊಲದಲ್ಲಿದ್ದ. ಒಳ್ಳೆಯ ಮನುಷ್ಯ, ರಾತ್ರಿ ಹನ್ನೆರಡಕ್ಕೆ ಕರೆದರೂ ಬರುತ್ತಾನೆ. ಆದರೆ ಅವನಿದ್ದ ಕಡೆ ಟವರ್ ಸಿಗಲಿಲ್ಲ. ಕೊನೆಗೆ ಒಬ್ಬ ಹುಡುಗ ಬೈಕ್ ಹತ್ತಿ ಆರು ಕಿಲೋಮೀಟರ್ ದೂರದ ಸಬ್‌ಸ್ಟೇಷನ್ನಿಗೇ ಹೋಗಿ ಹೇಳಿದ. ಅಷ್ಟೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು. ಎರಡು ಎಕರೆ ಇದ್ದದ್ದು ಆರು ಎಕರೆ ಆಗಿತ್ತು.

ನಾನು ಮನೆಯ ಮಾಳಿಗೆ ಮೇಲೆ ನಿಂತಿದ್ದೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಕಾಲುವೆ ಕಡೆಯವರು, ರಸ್ತೆ ಕಡೆಯವರು, ನಡುವೆ ಬೆಂಕಿ. ಮೂಡಗಾಳಿ ಇದ್ದದ್ದು ತಿರುಗಿತು. ಹೊಗೆ ಮಗ್ಗಲು ಬದಲಿಸಿದ್ದು ನನಗೆ ಕಂಡಿತು. ಅದೇ ಹೊತ್ತಿಗೆ ಟ್ಯಾಂಕರಿನವನು ಬಂಡಿದಾರಿ ಹಿಡಿದು ಒಳಗೆ ಹೊರಟ. ಬೆಂಕಿ ಅವನ ಕಡೆಗೇ ಬರುತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಅವನಿಗೆ ಫೋನ್ ಹಚ್ಚಿದೆ. ಮಗನಿಗೆ ಹಚ್ಚಿದೆ. ಮಗನ ಗೆಳೆಯನಿಗೆ ಹಚ್ಚಿದೆ. ಆಮೇಲೆ ಎಣಿಸಿ ನೋಡಿದೆ, ಹದಿನಾಲ್ಕು ಸಲ. ಒಬ್ಬನದು ಬಿಜಿ, ಒಬ್ಬನದು ವ್ಯಾಪ್ತಿ ಪ್ರದೇಶದ ಹೊರಗೆ. ಉಳಿದವರ ಫೋನು ರಿಂಗ್ ಆಯಿತು. ಕುಡಗೋಲು ಹಿಡಿದ ಕೈ ಜೇಬಿಗೆ ಹೋಗುತ್ತದಾ? "ಒಳಗ ಹೋಗಬ್ಯಾಡೋ, ಗಾಳಿ ತಿರುಗೇದ!" ಅಂತ ಮಾಳಿಗೆ ಮೇಲಿಂದ ಗಂಟಲು ಹರಿಯುವ ಹಾಗೆ ಕೂಗಿದೆ. ಕೇಳಿದ್ದು ನಮ್ಮ ಎಮ್ಮೆಗಳಿಗೆ ಮಾತ್ರ.

ಆ ಹುಡುಗ ಟ್ರ್ಯಾಕ್ಟರ್ ಬಿಟ್ಟು ಜಿಗಿದ, ಉಳಿದುಕೊಂಡ. ಬಲಗೈ ಮೊಣಕೈವರೆಗೆ ಸುಟ್ಟಿತು. ಈಗಲೂ ಬೆರಳು ಪೂರ್ತಿ ಮಡಚುವುದಿಲ್ಲ. ಇಪ್ಪತ್ತನಾಲ್ಕು ವರ್ಷ ವಯಸ್ಸು. ಸುಟ್ಟ ಕಬ್ಬಿನ ಗೋಳು ಬೇರೆ. ಬೇಗ ಕಡಿದು ಸಾಗಿಸದಿದ್ದರೆ ತೂಕವೂ ಹೋಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಅವತ್ತು ಊರಿಗೆ ಎರಡು ದಾರಿ ಇರುವುದರಿಂದ ಅಗ್ನಿಶಾಮಕ ಗಾಡಿ ಗುಡಿ ಕಡೆಯ ದಾರಿಯಲ್ಲಿ ಬಂದು, ಸಣ್ಣ ಸಿಡಿ, ಅಂದರೆ ಕಿರುಸೇತುವೆ, ದಾಟಲಾಗದೆ ತಿರುಗಿಸಿಕೊಂಡು ಹೋಗಿ ಇನ್ನೊಂದು ದಾರಿ ಹಿಡಿಯಬೇಕಾಯಿತು. ಅವರ ತಪ್ಪಲ್ಲ. 'ಸಿಡಿ ಕಡೆ ಬರಬೇಡಿ, ಕಾಲುವೆ ದಾರಿ ಹಿಡಿಯಿರಿ' ಅಂತ ಹೇಳುವವರಿಗೂ ಅವರಿಗೂ ನಡುವೆ ದನಿಯ ದಾರಿಯೇ ಇರಲಿಲ್ಲ. ಗಾಡಿಯಲ್ಲಿ ಅವರ ವೈರ್‌ಲೆಸ್ ಇದೆ. ಪೊಲೀಸರಿಗೆ ಅವರದೇ ಬೇರೆ ಇದೆ. ಅರಣ್ಯ ಇಲಾಖೆಯವರದು ಮತ್ತೊಂದು. ಲೈನ್‌ಮನ್ ಕೈಯಲ್ಲಿ ಬರೀ ಮೊಬೈಲು. ನಮ್ಮ ಹುಡುಗರ ಕೊರಳಲ್ಲಿ ಸೀಟಿ.

ಸೀಟಿ ಅಂದರೆ ತಮಾಷೆಗೆ ಹೇಳುತ್ತಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ 'ಆಪದ ಮಿತ್ರ' ತರಬೇತಿ ಮುಗಿಸಿ ಬಂದ. ಕೇಂದ್ರದ ಯೋಜನೆ, ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವುದು. ಒಳ್ಳೆಯ ಕೆಲಸ. ಅವನಿಗೆ ಒಂದು ಚೀಲ ಕೊಟ್ಟಿದ್ದರು. ಹೆಲ್ಮೆಟ್, ಟಾರ್ಚ್, ಲೈಫ್ ಜಾಕೆಟ್, ಗಮ್ ಬೂಟ್, ರೇನ್‌ಕೋಟ್, ಸೊಳ್ಳೆಪರದೆ ಕೂಡ. ದನಿ ಮುಟ್ಟಿಸಲು ಏನಿತ್ತು ಅಂದರೆ ಸೀಟಿ. ಅದನ್ನು ನೋಡಿಯೇ ನಮ್ಮ ಹುಡುಗರು ಜಾತ್ರೆಯಲ್ಲಿ ಇಪ್ಪತ್ತು ಸೀಟಿ ಕೊಂಡರು. ಒಂದು ಊದಿದರೆ ಬಾ, ಎರಡು ಊದಿದರೆ ನಿಲ್ಲು, ಮೂರು ಊದಿದರೆ ಓಡು. ಎಲ್ಲರೂ ಒಟ್ಟಿಗೆ ಊದಿದರೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ.

ಫೋನ್ ಇದೆಯಲ್ಲ, ವಾಟ್ಸ್ಆ್ಯಪ್ ಗುಂಪು ಇದೆಯಲ್ಲ ಅಂತ ಓದುವವರು ಕೇಳಬಹುದು. ಮೂವತ್ತೈದು ವರ್ಷ ಫೋನಿನ ಅನ್ನ ತಿಂದವಳು ನಾನು, ಫೋನನ್ನು ಬೈಯುವುದಿಲ್ಲ. ಆದರೆ ಫೋನು ಒಬ್ಬರು ಒಬ್ಬರೊಡನೆ ಮಾತಾಡಲು ಮಾಡಿದ ಸಾಧನ. ಬೆಂಕಿಯ ಹತ್ತಿರ ಒಬ್ಬ ಹೇಳಿದ್ದು ಹತ್ತೊಂಬತ್ತು ಜನಕ್ಕೂ ಆ ಕ್ಷಣಕ್ಕೇ ಕೇಳಬೇಕು. ನಂಬರ್ ಹುಡುಕಬಾರದು, ಎತ್ತುವವರೆಗೆ ಕಾಯಬಾರದು. ವೈರ್‌ಲೆಸ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲರ ಭುಜದ ಮೇಲೂ ಮಾತು ಬೀಳುತ್ತದೆ. ಅಲ್ವಾ?

ಇನ್ನೊಂದು, ಟವರ್ ಕರೆಂಟ್ ತಿನ್ನುತ್ತದೆ. 2019ರ ಆಗಸ್ಟ್ ನೆನಪಿರಬಹುದು. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಒಟ್ಟಿಗೆ ಏರಿದವು. ಗೋಕಾಕ ಮುಳುಗಿತು. ಮುಧೋಳ–ಯಾದವಾಡ ಸೇತುವೆ ನೀರಿನಡಿ ಹೋಯಿತು. ಮುನ್ನೆಚ್ಚರಿಕೆಗೆ ಅಂತ ಊರೂರಿಗೆ ಕರೆಂಟ್ ತೆಗೆದರು, ತೆಗೆಯಲೇಬೇಕಿತ್ತು. ಟವರ್‌ಗಳು ಬ್ಯಾಟರಿ ಮೇಲೆ ಕೆಲವು ತಾಸು ನಡೆದವು. ಆಮೇಲೆ ಡೀಸೆಲ್ ಮೇಲೆ. ರಸ್ತೆಯೇ ಇಲ್ಲದ ಮೇಲೆ ಡೀಸೆಲ್ ಎಲ್ಲಿಂದ ಬರಬೇಕು? ಒಂದೊಂದಾಗಿ ಮಲಗಿದವು. ನಾನಾಗ ಇನ್ನೂ ನೌಕರಿಯಲ್ಲಿದ್ದೆ. 'ನಮ್ಮ ಅಪ್ಪ ತೋಟದ ಮನೆಯಲ್ಲಿದ್ದಾನೆ, ಫೋನ್ ಹತ್ತುತ್ತಿಲ್ಲ, ನೀವಾದರೂ ಹಚ್ಚಿಕೊಡ್ರೀ' ಅಂತ ಜನ ಎಕ್ಸ್‌ಚೇಂಜಿಗೇ ಬಂದು ನಿಲ್ಲುತ್ತಿದ್ದರು. ನನ್ನ ಕೈಯಲ್ಲಿ ಏನಿತ್ತು? ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟುಗಳು ಟವರ್ ಇಲ್ಲದೆಯೂ ಒಂದಕ್ಕೊಂದು ನೇರವಾಗಿ ಮಾತಾಡುತ್ತವೆ. ದೂರ ಕಡಿಮೆ, ಬಯಲಲ್ಲಿ ಮೂರು–ನಾಲ್ಕು ಕಿಲೋಮೀಟರ್ ಸಿಕ್ಕರೆ ಜಾಸ್ತಿ. ಆದರೂ ಒಂದು ಹೊಲಕ್ಕೆ, ಒಂದು ದೋಣಿಗೆ ಅಷ್ಟು ಸಾಕು. ಬಂದ ದನಿಯನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಒಂದನ್ನು ಎತ್ತರದಲ್ಲಿ ಇಟ್ಟರೆ ಅದೇ ಸೆಟ್ಟು ತಾಲೂಕಿನ ಬಹುಪಾಲು ಮುಟ್ಟುತ್ತದೆ. ನಮ್ಮಲ್ಲಿ ದೊಡ್ಡ ಗುಡ್ಡ ಇಲ್ಲ, ನಿಜ. ಊರೂರಿಗೆ ಎತ್ತರದ ನೀರಿನ ಟಾಕಿ ಇದೆಯಲ್ಲ, ಅದರ ತಲೆ ಮೇಲೆ ಆಂಟೆನಾ ನಿಲ್ಲಿಸಬಹುದು.

ಹಾಗಾದರೆ ನೀವೇ ಕೊಂಡುಕೊಳ್ಳಿ ಅನ್ನುವವರಿದ್ದಾರೆ. ಕೊಂಡರು. ಬೆಂಕಿ ಆದ ತಿಂಗಳಿಗೇ ಹುಡುಗರು ದುಡ್ಡು ಕೂಡಿಸಿ ಆನ್‌ಲೈನಿನಲ್ಲಿ ನಾಲ್ಕು ವಾಕಿಟಾಕಿ ತರಿಸಿದರು. ಡಬ್ಬಿ ನೋಡಿ ನನಗೆ ಗಾಬರಿ ಆಯಿತು. ಯಾವ ತರಂಗಾಂತರ ಅಂತ ಬರೆದಿಲ್ಲ, ನಮ್ಮ ದೇಶದ ಒಪ್ಪಿಗೆಯ ಗುರುತಿಲ್ಲ. ವೈರ್‌ಲೆಸ್ಸಿಗೆ 1933ರಿಂದಲೂ ಕಾಯ್ದೆ ಇದೆ ಮಾರಾಯರೇ, ಸುಮ್ನೆ ಒತ್ತಿ ಮಾತಾಡುವ ಹಾಗಿಲ್ಲ. ಲೈಸೆನ್ಸ್ ಬೇಡದ ಸಣ್ಣ ಪಟ್ಟಿಯೊಂದನ್ನು 2018ರಲ್ಲಿ ಬಿಟ್ಟುಕೊಟ್ಟಿದ್ದಾರೆ, 446.0ಯಿಂದ 446.2 ಮೆಗಾಹರ್ಟ್ಸ್. ಅದರಲ್ಲಿ ಪವರ್ ತೀರಾ ಕಡಿಮೆ. ಮದುವೆ ಮಂಟಪದಲ್ಲಿ ಅಡುಗೆಯವರಿಗೆ 'ಇನ್ನೊಂದು ಪಂಕ್ತಿ ಕೂತಿದೆ' ಅಂತ ಹೇಳಲು ಚೆನ್ನಾಗಿದೆ. ಬಲಿತ ಕಬ್ಬಿನೊಳಗೆ ಅದು ದನಿ ಸೋತ ಮುದುಕನ ಹಾಗೆ. ಉಳಿದ ತರಂಗಾಂತರಗಳಲ್ಲಿ ಪರವಾನಗಿ ಇಲ್ಲದೆ ಮಾತಾಡಿದರೆ ಪೊಲೀಸರದ್ದೋ ವಿಮಾನದವರದ್ದೋ ಮಾತಿಗೆ ಅಡ್ಡಿ ಆಗಬಹುದು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಈ ಬಗ್ಗೆ ಬಿಗಿ ಮಾರ್ಗಸೂಚಿ ಹೊರಡಿಸಿತು. ಹೊರಡಿಸಿದ್ದು ಸರಿ. ನಾಲ್ಕೂ ಸೆಟ್ಟು ಈಗ ನನ್ನ ಟ್ರಂಕಿನಲ್ಲಿವೆ. ಹುಡುಗರಿಗೆ ನನ್ನ ಮೇಲೆ ಸಿಟ್ಟಿದೆ.

ಸರಿಯಾದ ಸೆಟ್ಟು ಕೊಳ್ಳೋಣ ಅಂತ ಹುಬ್ಬಳ್ಳಿಯಲ್ಲಿ ವಿಚಾರಿಸಿದೆ. ಒಂದಕ್ಕೆ ಹದಿನೈದು ಸಾವಿರದ ಆಸುಪಾಸು ಹೇಳಿದರು. ಎಂಟು ಸೆಟ್ಟಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ನಮ್ಮ ಕಡೆ ಎಕರೆಗೆ ನಲವತ್ತು ಟನ್ ಬಂದರೆ, ಟನ್ನಿಗೆ ಮೂರು ಸಾವಿರ ಹಿಡಿದರೂ ಅಷ್ಟೇ ದುಡ್ಡು. ಅಂದರೆ ಒಂದು ಎಕರೆ ಕಬ್ಬಿನ ಬೆಲೆ. ಅವತ್ತು ಸುಟ್ಟಿದ್ದು ಹನ್ನೊಂದು ಎಕರೆ. ಲೆಕ್ಕ ಇಷ್ಟು ಸರಳ ಇರುವಾಗ ಊರವರೇ ಪಟ್ಟಿ ಹಾಕಿ ಕೊಳ್ಳಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಗಣೇಶನಿಗೆ ಪಟ್ಟಿ ಹಾಕುತ್ತೇವೆ, ಕುಸ್ತಿಗೆ ಹಾಕುತ್ತೇವೆ.

ಆದರೆ ಹಾಗೆ ಮಾಡಿದರೆ ಕೆಡುತ್ತದೆ. ಯಾಕೆ ಅಂತ ಹೇಳುತ್ತೇನೆ. ನಾವು ಒಂದು ಬಗೆಯ ಸೆಟ್ಟು ಕೊಂಡೆವು ಅನ್ನಿ. ಪಕ್ಕದ ಊರಿನವರು ಇನ್ನೊಂದು ಬಗೆ ಕೊಂಡರು. ಅಗ್ನಿಶಾಮಕದವರದು ಬೇರೆ, ಪೊಲೀಸರದು ಬೇರೆ. ಎಲ್ಲರ ಕೈಯಲ್ಲೂ ಸೆಟ್ಟಿದೆ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಈಗ ಇರುವ ಕಿವುಡುತನವನ್ನೇ ದುಡ್ಡು ಕೊಟ್ಟು ಕೊಂಡ ಹಾಗೆ. ದುಡ್ಡಿದ್ದವರಿಗೂ ಇದು ಆಗಿದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರಿನಲ್ಲಿದ್ದವರಿಗೆ ಕಟ್ಟಡ ನಿಲ್ಲುವುದಿಲ್ಲ ಅಂತ ಮೇಲಿಂದ ಕಂಡಿತ್ತು. ಅವರ ರೇಡಿಯೊ ಬೇರೆ, ಅಗ್ನಿಶಾಮಕದವರ ರೇಡಿಯೊ ಬೇರೆ. ಎಚ್ಚರಿಕೆಯ ಮಾತು ಕಟ್ಟಡದೊಳಗಿನ ಎಷ್ಟೋ ಜನಕ್ಕೆ ಮುಟ್ಟಲೇ ಇಲ್ಲ. ಅವತ್ತು 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಜಗತ್ತಿನ ಶ್ರೀಮಂತ ನಗರದ ಕಥೆ ಇದು. ನಾನು ಮಾಳಿಗೆ ಮೇಲೆ ನಿಂತಿದ್ದೆನಲ್ಲ, ಈ ಸಂಗತಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದಕ್ಕೆ ದಾರಿ ಏನು ಅಂತ ನನ್ನ ಹಳೆಯ ಟೆಲಿಫೋನ್ ಬೋರ್ಡಿನ ಮೇಲೆ ಹೇಳುತ್ತೇನೆ. ನಾನು ಕೂತಿದ್ದ ಎಕ್ಸ್‌ಚೇಂಜಿನಲ್ಲಿ ಮುನ್ನೂರು ಚಂದಾದಾರರಿದ್ದರು. ಹೊರ ಊರಿಗೆ ಹೋಗುವ ಟ್ರಂಕ್ ಲೈನ್ ಆರೇ ಆರು. ಮುನ್ನೂರು ಜನಕ್ಕೆ ಆರು ಲೈನು ಹೇಗೆ ಸಾಲುತ್ತದೆ? ಎಲ್ಲರೂ ಒಂದೇ ಹೊತ್ತಿಗೆ ಮಾತಾಡುವುದಿಲ್ಲವಲ್ಲ. ಯಾವ ಲೈನ್ ಖಾಲಿ ಇದೆ ನೋಡಿ ಪ್ಲಗ್ ಹಾಕುವುದು, ಮುಗಿದ ಕೂಡಲೇ ತೆಗೆದು ಇನ್ನೊಬ್ಬರಿಗೆ ಕೊಡುವುದು, ಅದೇ ಆಪರೇಟರ್ ಕೆಲಸ. ಈಗಿನ ಹಂಚಿಕೆಯ ವೈರ್‌ಲೆಸ್ ಜಾಲಕ್ಕೆ 'ಟ್ರಂಕಿಂಗ್' ಅಂತಲೇ ಹೆಸರು. ನಮ್ಮ ಟ್ರಂಕ್ ಲೈನಿನಿಂದಲೇ ಹೋದ ಮಾತು. ನಾನು ಕೈಯಲ್ಲಿ ಮಾಡಿದ್ದನ್ನು ಅಲ್ಲಿ ಕಂಪ್ಯೂಟರ್ ಮಾಡುತ್ತದೆ. ನಾಲ್ಕಾರು ಚಾನೆಲ್ಲಿನಲ್ಲಿ ಪೊಲೀಸರು, ಆಂಬುಲೆನ್ಸು, ಅಗ್ನಿಶಾಮಕ, ಲೈನ್‌ಮನ್, ಊರ ತಂಡ ಎಲ್ಲರೂ ಇರಬಹುದು. ದಿನಾ ಅವರವರ ಗುಂಪಿನ ಮಾತು ಅವರಿಗೆ. ಬೆಂಕಿ ಬಿದ್ದ ದಿನ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಬಹುದು. ಪೊಲೀಸರ ಗುಟ್ಟು ನಮಗೆ ಕೇಳುತ್ತದೆ ಅನ್ನುವ ಹೆದರಿಕೆಯೂ ಬೇಡ.

ನಮ್ಮ ಕಾಲದಲ್ಲಿ 'ಲೈಟ್ನಿಂಗ್ ಕಾಲ್' ಅಂತ ಇತ್ತು. ಸಾಧಾರಣ ಕಾಲ್‌ನ ಎಂಟು ಪಟ್ಟು ದರ. ಅದು ಬಂತು ಅಂದರೆ ಉಳಿದದ್ದೆಲ್ಲ ಬದಿಗಿಟ್ಟು ಅದನ್ನೇ ಹಚ್ಚಬೇಕು. ಈಗಿನ ಸೆಟ್ಟಿನಲ್ಲಿ ಅದಕ್ಕೊಂದು ಕೇಸರಿ ಬಣ್ಣದ ಗುಂಡಿ ಇರುತ್ತದೆ. ಒತ್ತಿದರೆ ಉಳಿದವರ ಮಾತು ನಿಂತು ಇವನ ಮಾತು ಹೋಗುತ್ತದೆ. ಎಂಟು ಪಟ್ಟು ಕೊಡಬೇಕಿಲ್ಲ.

ಅಮೆರಿಕದಲ್ಲಿ ಅಗ್ನಿಶಾಮಕರಲ್ಲಿ ಮೂರರಲ್ಲಿ ಎರಡು ಪಾಲು ಸಂಬಳವಿಲ್ಲದ ಸ್ವಯಂಸೇವಕರು. ನನಗೆ ಇದು ಗೊತ್ತೇ ಇರಲಿಲ್ಲ. ತಂಗಿಯ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಅವನ ಬೀದಿಯ ಮೇಷ್ಟ್ರು, ಪ್ಲಂಬರ್ ಎಲ್ಲ ಬೆಂಕಿ ಆರಿಸಲು ಓಡುತ್ತಾರಂತೆ. ಅಲ್ಲಿ 911 ಅನ್ನುವ ತುರ್ತು ಕರೆಯ ವ್ಯವಸ್ಥೆ ನಡೆಸಲು ಅಂತಲೇ ಪ್ರತಿ ಫೋನ್ ಸಂಪರ್ಕದಿಂದ ತಿಂಗಳಿಗೆ ಹತ್ತಿರ ಹತ್ತಿರ ಎರಡು ಡಾಲರ್ ಹಿಡಿಯುತ್ತಾರೆ. ಊರ ತಂಡಗಳಿಗೆ ಕೇಂದ್ರ ಸರ್ಕಾರದ ಅನುದಾನವೂ ಇದೆ. ಅದೇನು ಸ್ವರ್ಗವಲ್ಲ ಬಿಡಿ. ಸೆಟ್ಟು ದುಬಾರಿ, ಭಾನುವಾರ ತಿಂಡಿ ಮಾಡಿ ಮಾರಿ ದುಡ್ಡು ಕೂಡಿಸುವ ತಂಡಗಳೂ ಇವೆಯಂತೆ. ಫಿನ್‌ಲೆಂಡಿನವರದು ನನಗೆ ಹೆಚ್ಚು ಹಿಡಿಸಿತು. 'ವಿರ್ವೆ' ಅಂತ ದೇಶಕ್ಕೆಲ್ಲ ಒಂದೇ ಜಾಲ, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲ ಅದರ ಮೇಲೇ.

ಈಗ ದುಡ್ಡಿನ ಮಾತು. ದುಡ್ಡಿಲ್ಲ ಅಂತ ಯಾರೂ ಹೇಳಬಾರದು. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆ ಸುಧಾರಿಸಲು 5,000 ಕೋಟಿ ರೂಪಾಯಿಯ ಯೋಜನೆ ತಂದಿತು. 15ನೇ ಹಣಕಾಸು ಆಯೋಗ ಹೇಳಿದ್ದರ ಮೇಲೆ. ನಮ್ಮಂಥ ರಾಜ್ಯಗಳು ಶೇ 25 ಪಾಲು ಹಾಕಬೇಕಿತ್ತು. ಹೊಸ ಠಾಣೆ, ತರಬೇತಿ, ಉಪಕರಣ, ತಂತ್ರಜ್ಞಾನ ಇವೆಲ್ಲ ಅದರಲ್ಲಿದ್ದವು. ಅಂಥ ಯೋಜನೆಯಲ್ಲಿ ಊರ ತಂಡಗಳ ವೈರ್‌ಲೆಸ್ಸಿಗೂ ಒಂದು ಸಾಲು ಇರಬೇಕು ಅಂತ ನಾನು ಕೇಳುತ್ತಿದ್ದೇನೆ. ಅದೇ ಆಯೋಗ ರಾಜ್ಯ ವಿಪತ್ತು ನಿಧಿಯಲ್ಲಿ ಹತ್ತನೇ ಒಂದು ಪಾಲನ್ನು ಮುನ್ತಯಾರಿಗೆ ಅಂತ ಬೇರೆ ಇಟ್ಟಿತ್ತು. ಪರಿಹಾರ ಕೊಡಲು ಅಲ್ಲ, ಮುಂಚೆ ತಯಾರಾಗಲು. ಬೆಂಕಿ ಬೀಳುವ ಮುಂಚೆ ಸೆಟ್ಟು ಕೊಡುವುದು ಮುನ್ತಯಾರಿ ಅಲ್ಲದೆ ಇನ್ನೇನು?

ಇನ್ನೊಂದು ಹುಂಡಿ ಇದೆ. ಅದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದೇ ಇಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಶೇ 5ರಷ್ಟನ್ನು ಒಂದು ನಿಧಿಗೆ ಅಂತ ಕಟ್ಟಬೇಕು. ಲಾಭ ಇಲ್ಲ ಅಂತ ಕಂಪನಿಗಳು ಹೋಗದ ಹಳ್ಳಿಗಳಿಗೆ ಸಂಪರ್ಕ ಕೊಡಲೆಂದೇ ಇರುವ ನಿಧಿ. ಮೊದಲು ಯುಎಸ್‌ಒ ಫಂಡ್ ಅನ್ನುತ್ತಿದ್ದೆವು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಡಿಜಿಟಲ್ ಭಾರತ್ ನಿಧಿ ಅಂತ ಹೆಸರಾಯಿತು. ನಾವು ರೀಚಾರ್ಜ್ ಮಾಡಿಸುವ ದುಡ್ಡಿನಿಂದಲೇ ಅದು ತುಂಬುತ್ತದೆ. ನಮ್ಮ ಹುಡುಗರೂ ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ ಹಾಕಿಸುತ್ತಾರೆ, ಹೊಲದಲ್ಲಿ ಸಿಗ್ನಲ್ ಬರದಿದ್ದರೂ. ಅಲ್ಲಿಂದ ತಾಲೂಕಿಗೊಂದು ರಿಪೀಟರ್ ಕೊಡಿಸಿದರೆ ಅದು ಭಿಕ್ಷೆ ಅಲ್ಲ.

ಶಾಸಕರ ನಿಧಿಯಿಂದ ಕೇಳೋಣ ಅಂತ ಊರ ಹಿರಿಯರೊಬ್ಬರು ಅಂದರು. ನಾನು ಬೇಡ ಅಂದೆ. ಹೈಮಾಸ್ಟ್ ದೀಪದ ಹಾಗೆ ಆಗುತ್ತದೆ. ಒಂದೂರಿಗೆ ಬರುತ್ತದೆ, ಕಂಬದ ಮೇಲೆ ಹೆಸರು ಬರೆಸುತ್ತಾರೆ, ಪಕ್ಕದ ಊರಿಗೆ ಇಲ್ಲ. ವೈರ್‌ಲೆಸ್ ಅರ್ಧ ತಾಲೂಕಿಗೆ ಇದ್ದು ಅರ್ಧಕ್ಕೆ ಇಲ್ಲದಿದ್ದರೆ ಉಪಯೋಗಕ್ಕಿಲ್ಲ. ಬೆಂಕಿ ಹೊಲದ ಬದುವನ್ನೇ ಲೆಕ್ಕಿಸುವುದಿಲ್ಲ, ಕ್ಷೇತ್ರದ ಗಡಿ ಕೇಳುತ್ತದಾ?

ಸರ್ಕಾರ ಹಳ್ಳಿಯ ದನಿಗೆ ದುಡ್ಡು ಹಾಕಿದ್ದು ಇದೇ ಮೊದಲಲ್ಲ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂತು. 128 ಲೈನಿನದು. ಎ.ಸಿ. ಇಲ್ಲದೆ, ನಮ್ಮ ಧೂಳು ಬಿಸಿಲಿಗೆ ತಡೆದು ನಡೆಯುವ ಹಾಗೆ ನಮ್ಮವರೇ ಮಾಡಿದ್ದು. ಅವತ್ತು ನಮ್ಮ ಎಕ್ಸ್‌ಚೇಂಜಿನಲ್ಲಿ ಪೇಢೆ ಹಂಚಿದ್ದರು. ನಮ್ಮ ಪ್ಲಗ್ಗು ಬೋರ್ಡುಗಳಿಗೆ ಇನ್ನು ದಿನ ಎಣಿಕೆ ಅಂತ ಗೊತ್ತಿದ್ದರೂ ನಾವೂ ತಿಂದೆವು.

ಅಡ್ಡ ಬಿದ್ದ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಪ್ರಾಮಾಣಿಕತೆ ಆಗುವುದಿಲ್ಲ. ತೊಂಬತ್ತರ ದಶಕದಲ್ಲಿ ಹಳ್ಳಿ ಹಳ್ಳಿಗೆ 'ಮಾರ್' ಅಂತ ರೇಡಿಯೊ ಫೋನ್ ಕೊಟ್ಟರು. ಎರಡೇ ಚಾನೆಲ್ಲು, ಹದಿನೈದು ಹಳ್ಳಿ ಹಂಚಿಕೊಳ್ಳುವುದು. ವಿಚಾರ ಚಂದ ಇತ್ತು. ಉದ್ಘಾಟನೆಗೆ ಹಾರ ಹಾಕಿದರು. ಆಮೇಲೆ ಬ್ಯಾಟರಿ ಸತ್ತವು, ಸೋಲಾರ್ ಪ್ಲೇಟು ಕಳವಾದವು, ರಿಪೇರಿಗೆ ಜನ ಇರಲಿಲ್ಲ. ಎಷ್ಟೋ ಊರಲ್ಲಿ ಆ ಆಂಟೆನಾ ಕಂಬಕ್ಕೆ ಬಟ್ಟೆ ಒಣಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕೊಳ್ಳಲು ದುಡ್ಡಿತ್ತು, ಕಾಪಾಡಲು ಇರಲಿಲ್ಲ. ಹಾಗಾಗಿ ನನ್ನ ಬೇಡಿಕೆಯಲ್ಲಿ ಸೆಟ್ಟಿನ ಬೆಲೆಗಿಂತ ಮುಂದಿನ ಹತ್ತು ವರ್ಷದ ಬ್ಯಾಟರಿ, ಚಾರ್ಜರ್, ಮೆಕ್ಯಾನಿಕ್ ಸಂಬಳವೇ ದೊಡ್ಡದು. ಅದನ್ನು ಬಜೆಟ್ಟಿನಲ್ಲಿ ಬರೆಯದೆ ಬರೀ ಸೆಟ್ಟು ಕೊಡುವುದಾದರೆ ಕೊಡಲೇಬೇಡಿ. ಬಟ್ಟೆ ಒಣಹಾಕಲು ನಮ್ಮ ಹತ್ತಿರ ಹಗ್ಗ ಇದೆ.

ಪರವಾನಗಿಯ ವಿಷಯ ಎರಡೇ ಮಾತು. ಒಂದೊಂದು ಊರ ತಂಡ ದೆಹಲಿಗೆ ಅರ್ಜಿ ಹಾಕಿ ತರಂಗಾಂತರ ತರುವುದು ಆಗದ ಮಾತು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರ ಹೆಸರಲ್ಲಿ ಒಂದೇ ಪರವಾನಗಿ ಇರಲಿ, ಹೆಸರು ಬರೆಸಿ ತರಬೇತಿ ಪಡೆದ ತಂಡಕ್ಕೆ ಮಾತ್ರ ಸೆಟ್ಟು ಕೊಡಲಿ. ಯಾವ ಸೆಟ್ಟು ಯಾರ ಕೈಯಲ್ಲಿದೆ ಅಂತ ಪುಸ್ತಕದಲ್ಲಿ ಇರಲಿ. ಮದುವೆ ಮೆರವಣಿಗೆಗೆ ಒಯ್ದವರ ಸೆಟ್ಟು ವಾಪಸ್ ಪಡೆಯಲಿ.

ತರಬೇತಿ ನಾನಾಗಲೇ ಶುರು ಮಾಡಿದ್ದೇನೆ. ಸೆಟ್ಟಿಲ್ಲ, ಆದ್ದರಿಂದ ರವಿವಾರ ಸಂಜೆ ಗರಡಿಮನೆ ಕಟ್ಟೆ ಮೇಲೆ ಕೂತು ತೆಂಗಿನ ಚಿಪ್ಪು ಬಾಯಿಗೆ ಹಿಡಿದು ಕಲಿಸುತ್ತೇನೆ. ನಗಬೇಡಿ. ಮೊದಲು ಕೇಳು, ಆಮೇಲೆ ಒತ್ತು. ಒತ್ತಿ ಒಂದು ಉಸಿರು ಬಿಟ್ಟು ಮಾತಾಡು, ಇಲ್ಲದಿದ್ದರೆ ಮೊದಲ ಮಾತು ನುಂಗಿ ಹೋಗುತ್ತದೆ. ಯಾರಿಗೆ, ಯಾರಿಂದ, ಎಲ್ಲಿ, ಏನು. ಅಷ್ಟೇ. "ಏನ್ ಮಾಡಾಕತ್ತೀಯಪಾ, ಊಟ ಆತೇನು" ಎಲ್ಲ ಮನೆಯಲ್ಲಿ. ಕೈ ಸುಟ್ಟುಕೊಂಡ ಹುಡುಗ ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಾನೆ. ಕುಡಗೋಲು ಹಿಡಿಯಲು ಆಗದಿದ್ದರೂ ಗುಂಡಿ ಒತ್ತಲು ಅವನ ಹೆಬ್ಬೆರಳು ಸಾಕು.

ಮುಂದಿನ ಕಟಾವಿಗೆ ಮುಂಚೆ ಈ ಕೆಲಸ ಶುರುವಾದರೆ ಬಾಗಲಕೋಟೆಯಲ್ಲೋ ತಾಲೂಕು ಕೇಂದ್ರದಲ್ಲೋ ವೈರ್‌ಲೆಸ್ ಕೋಣೆಗೆ ಜನ ಬೇಕಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂರಲು ನಾನು ಸಂಬಳವಿಲ್ಲದೆ ಬರುತ್ತೇನೆ. ರಾತ್ರಿ ಪಾಳಿ ಆದರೂ ಅಡ್ಡಿಯಿಲ್ಲ, ನನಗೆ ರೂಢಿ ಇದೆ. ಬೆಳಿಗ್ಗೆ ಎಮ್ಮೆ ಹಿಂಡುವ ಹೊತ್ತಿಗೆ ಊರಿಗೆ ಬಸ್ ಇದ್ದರೆ ಸಾಕು.

ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಟೆಲಿಫೋನ್ ಆಪರೇಟರ್,
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ